ಹಳೆ ಬೆಂಜ್‌ಗೆ ಹೊಸ ಟೈರ್ ಹಾಕಿಸುವ ಮೊದಲು ಕೆಳಗೆ ಬಗ್ಗಿ ನೋಡಿ

ಹುಬ್ಬಳ್ಳಿಯಿಂದ ಗದಗಿನ ಕಡೆ ಹೊರಟು ಅಣ್ಣಿಗೇರಿ ಹತ್ತಿರ ಬಂದಾಗ ನಿಮ್ಮ ಹಳೆ ಕಾರು ದೋಣಿ ಹಾಗೆ ತೂಗಾಡುತ್ತಾ? ಸ್ಟಿಯರಿಂಗ್ ನೆಟ್ಟಗೆ ಹಿಡಿದಿದ್ದರೂ ಗಾಡಿ ತಾನೇ ಒಂದು ಕಡೆ ಸರಿದು, ನೀವು ಬೆರಳಷ್ಟು ತಿದ್ದಿ, ಅದು ಮತ್ತೊಂದು ಕಡೆ ಸರಿದು, ಹೀಗೆ ಅರವತ್ತು ಕಿಲೋಮೀಟರ್ ಮುಗಿಯುವಷ್ಟರಲ್ಲಿ ಭುಜ ನೋಯುತ್ತಾ? ಹಾಗಿದ್ದರೆ ಪೂರ್ತಿ ಓದಿ. ಇದೇ ಕಾಟ ನನಗೆ ಎರಡು ವರ್ಷ ಇತ್ತು.

ನನ್ನ ಹತ್ತಿರ ಇರುವುದು ಮರ್ಸಿಡಿಸ್ ಡಬ್ಲ್ಯೂ124, ಪೆಟ್ರೋಲಿನ ಇ220. ಸೋದರಮಾವ ಇಟ್ಟುಕೊಂಡಿದ್ದ ಗಾಡಿ, ಈಗ ನನ್ನ ಪಾಲಿಗೆ ಬಂದಿದೆ. ಜರ್ಮನಿಯಲ್ಲಿ 1984ರ ಕೊನೆಗೆ ಬಂದ ಮಾದರಿ ಇದು. ನಮ್ಮ ದೇಶದಲ್ಲಿ 1995ರಲ್ಲಿ ಪುಣೆಯಲ್ಲಿ ಜೋಡಿಸೋಕೆ ಶುರು ಮಾಡಿದರು. ರೇಸಿಗೆ ಮಾಡಿದ ಕಾರಲ್ಲ. ನಾಲ್ಕು ಜನ ಸಾಮಾನು ಸಮೇತ ಕೂತು, ದಿನವಿಡೀ ಓಡಿಸಿ, ಇಳಿದಾಗ ಯಾರಿಗೂ ಸುಸ್ತಾಗಬಾರದು ಅಂತ ಮಾಡಿದ ಕಾರು. ಗ್ರ್ಯಾಂಡ್ ಟೂರಿಂಗ್ ಅಂದರೆ ನನಗೆ ಇಷ್ಟೇ. ನಿಮ್ಮದು ಹಳೆ ಅಕಾರ್ಡ್ ಇರಲಿ, ಮೊದಲ ಆಕ್ಟೇವಿಯಾ ಇರಲಿ, ಅಳತೆಗಳು ಬೇರೆ ಇರುತ್ತವೆ, ಕೆಲಸದ ಕ್ರಮ ಮಾತ್ರ ಒಂದೇ.

ಆ ಕ್ರಮವನ್ನು ನಾನು ತಲೆಕೆಳಗು ಮಾಡಿದ್ದೆ. ಗಾಡಿ ಅಲ್ಲಾಡುತ್ತದೆ ಅಂದರೆ ಟೈರಿಗೆ ಹಿಡಿತ ಸಾಲದು ಅಂತ ತಿಳಿದು, ಸೀದಾ ಒಂದು ಅಂಗಡಿಗೆ ಹೋಗಿ 17 ಇಂಚಿನ ಅಲಾಯ್ ರಿಮ್ ಮತ್ತು ಅಗಲವಾದ 225/45 ಟೈರ್ (ಈ ಅಂಕಿಗಳ ಅರ್ಥ ಮುಂದೆ ಹೇಳುತ್ತೇನೆ) ಹಾಕಿಸಿಕೊಂಡು ಬಂದೆ. ಅಂಗಡಿಯವರು "ರಸ್ತೆಗೆ ಅಂಟಿಕೊಂಡು ಹೋಗ್ತದ ನೋಡ್ರಿ" ಅಂದರು. ಅಂಟಿಕೊಂಡದ್ದು ರಸ್ತೆಗಲ್ಲ, ಲಾರಿ ಗಾಲಿಗಳು ಕೊರೆದ ತಗ್ಗು ಗೆರೆಗೆ. ಚಕ್ರ ಆ ಗೆರೆ ಹಿಡಿದು ಎಳೆಯುತ್ತಿತ್ತು. ಒಂದು ತಿಂಗಳಲ್ಲಿ ರಾತ್ರಿ ಹೊತ್ತು ಒಂದು ಗುಂಡಿಗೆ ಬಿದ್ದು ಮುಂದಿನ ಎಡ ರಿಮ್ ಸೊಟ್ಟಗಾಯಿತು. ತೂಗಾಟ ಒಂದಿಷ್ಟೂ ಕಡಿಮೆ ಆಗಲಿಲ್ಲ.

ಆಮೇಲೆ ಗಾಡಿಯನ್ನು ನಮ್ಮ ಮಿಸ್ತ್ರಿ ಹತ್ತಿರ ಒಯ್ದೆ. ಅವರು ಲಿಫ್ಟ್ ಮೇಲೆ ಏರಿಸಿ, ಒಂದು ಉದ್ದ ಕಬ್ಬಿಣದ ರಾಡು ತಗೊಂಡು ಚಕ್ರವನ್ನು ಹಿಡಿದಿರುವ ಕೆಳಗಿನ ತೋಳು, ಅಂದರೆ ಆರ್ಮ್, ಮೀಟಿ ತೋರಿಸಿದರು. "ಟೈರ್ ಇರ್ಲಿ ಬಿಡ್ರಿ ಸರ, ಮೊದ್ಲ ಈ ಬುಷ್ ನೋಡ್ರಿ. ಹರದು ಹೋಗ್ಯಾವು. ಇದಕ್ಕ ಯಾವ ಟೈರ್ ಹಾಕಿದ್ರ ಏನ್ ಮಾಡ್ತದ್ರಿ ಪಾಪ?" ಬುಷ್ ಅಂದರೆ ಆರ್ಮ್ ಗಾಡಿಗೆ ಸೇರುವ ಕಡೆ ಇರುವ ರಬ್ಬರ್ ಬಳೆ. ಮೀಟಿದಾಗ ಆರ್ಮ್ ಬೆರಳಗಲ ಸರಿಯುತ್ತಿತ್ತು. ಚಕ್ರ ಎಲ್ಲಿರಬೇಕೋ ಅಲ್ಲಿ ಇರುತ್ತಲೇ ಇರಲಿಲ್ಲ ಅಂತ ಆಗ ಕಣ್ಣಿಗೆ ಕಂಡಿತು.

ಮೊದಲು ಹಳೆ ಟೈರನ್ನೇ ಓದಿ

ಈಗಿರುವ ಟೈರ್ ಬಿಚ್ಚಿ ಎಸೆಯುವ ಮೊದಲು ಅದನ್ನು ಚೆನ್ನಾಗಿ ನೋಡಿ. ಗಾಡಿಯ ಕಾಯಿಲೆ ಏನು ಅಂತ ಅದರ ಮೇಲೇ ಬರೆದಿರುತ್ತದೆ.

ಎರಡೂ ಅಂಚು ಸವೆದು ನಡುವೆ ಗ್ರಿಪ್ ಉಳಿದಿದ್ದರೆ ಹವಾ ಕಡಿಮೆ ಇಟ್ಟು ಓಡಿಸಿದ್ದೀರಿ. ನಡುವೆ ಮಾತ್ರ ಸವೆದಿದ್ದರೆ ಹವಾ ಜಾಸ್ತಿ ಆಗಿದೆ. ಒಳಗಿನ ಅಂಚು ಮಾತ್ರ ಬೋಳಾಗಿದ್ದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದೆ, ಇಲ್ಲವೇ ಟೋ ಕೆಟ್ಟಿದೆ. ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ. ಈಗ ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡಲಾಗಿ ಆಡಿಸಿ. ಒಳಗಿನಿಂದ ಹೊರಗೆ ಸವರಿದಾಗ ನುಣ್ಣಗಿದ್ದು, ಹೊರಗಿನಿಂದ ಒಳಗೆ ಸವರಿದಾಗ ತುರಿಮಣೆ ಹಾಗೆ ಚುಚ್ಚಿದರೆ ಅದು ಟೋ ತಪ್ಪಿದ ಗುರುತು. ಸುತ್ತಲೂ ಅಲ್ಲಲ್ಲಿ ತಗ್ಗು ತಗ್ಗಾಗಿ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ ಅಥವಾ ಬ್ಯಾಲೆನ್ಸ್ ಹೋಗಿದೆ. ನನ್ನದರಲ್ಲಿ ಮುಂದಿನ ಎರಡಕ್ಕೂ ಒಳ ಅಂಚು ಹೋಗಿತ್ತು. ಹೊಸ ಟೈರ್ ಹಾಕಿಸುವ ದಿನವೇ ಅದು ಕಂಡಿದ್ದರೆ ಒಂದು ಜೋಡಿಯ ದುಡ್ಡು ಉಳಿಯುತ್ತಿತ್ತು.

ನಾಲ್ಕೂ ಚಕ್ರದ ಫೋಟೊ ತೆಗೆದು ಯಾವುದು ಎಲ್ಲಿದ್ದದ್ದು ಅಂತ ಬರೆದಿಡಿ. ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವ ಕೆಲಸ) ಮಾಡುವವರಿಗೆ ಇದು ತುಂಬಾ ಸಹಾಯ ಆಗುತ್ತದೆ.

ರಬ್ಬರ್, ಬಾಲ್ ಜಾಯಿಂಟ್, ಬೇರಿಂಗ್

ಇಪ್ಪತ್ತೈದು, ಮೂವತ್ತು ವರ್ಷದ ಕಾರಿನಲ್ಲಿ ಕಬ್ಬಿಣ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಹೋಗುವುದು ರಬ್ಬರ್. ಓಡಿಸಿದರೂ ಹೋಗುತ್ತದೆ, ಶೆಡ್ಡಿನಲ್ಲಿ ನಿಲ್ಲಿಸಿದರೂ ಹೋಗುತ್ತದೆ. ಮೀಟರ್ ನೋಡಿ "ಬರೇ ಎಂಬತ್ತು ಸಾವಿರ ಓಡಿದೆ" ಅಂತ ನೆಚ್ಚಿಕೊಳ್ಳಬೇಡಿ.

ಮುಂದಿನ ಚಕ್ರ ಜ್ಯಾಕ್ ಹಾಕಿ ಎತ್ತಿ, ಗಾಡಿಯನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ಹೋಗಬೇಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್ ಹೋಗಿದೆ, ಅಥವಾ ಆರ್ಮ್ ಚಕ್ರದ ಕಡೆ ಸೇರುವ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್. ಡಬ್ಲ್ಯೂ124ರ ಮುಂದಿನ ಬೇರಿಂಗನ್ನು ಬಿಗಿ ಮಾಡಿ ಹೊಂದಿಸಲು ಬರುತ್ತದೆ, ಪ್ಲೇ (ಸಡಿಲ ಆಟ) ಕಂಡ ಕೂಡಲೇ ಹೊಸದು ತರಲು ಓಡಬೇಡಿ. ಆದರೆ ಅತಿ ಬಿಗಿ ಮಾಡಿದರೆ ಬಿಸಿಯಾಗಿ ಸುಟ್ಟು ಹೋಗುತ್ತದೆ, ಅಳತೆ ನೋಡಿ ಮಾಡುವವರ ಕೈಯಲ್ಲೇ ಮಾಡಿಸಿ. ಆಮೇಲೆ ಎಡ ಬಲ ಹಿಡಿದು ಅಲ್ಲಾಡಿಸಿ. ಆಗ ಪ್ಲೇ ಕಂಡರೆ ಸ್ಟಿಯರಿಂಗ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಕಡೆ ನೋಡಬೇಕು.

ಬುಷ್‌ಗೆ ಮಿಸ್ತ್ರಿಯ ರಾಡೇ ಗತಿ. ಕೆಳಗಿನ ಕಂಟ್ರೋಲ್ ಆರ್ಮ್‌ನ ಬುಷ್, ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಆಂಟಿ ರೋಲ್ ಬಾರ್ ಬುಷ್, ಶಾಕ್ ಮೇಲಿನ ಮೌಂಟ್, ಈ ಮೂರನ್ನು ಮುಂದೆ ನೋಡಿ. ಹಿಂದೆ ಕೆಲಸ ಜಾಸ್ತಿ. ಈ ಕಾರಿನಲ್ಲಿ ಹಿಂದಿನ ಒಂದೊಂದು ಚಕ್ರವನ್ನೂ ಐದು ಲಿಂಕ್ ಹಿಡಿದಿರುತ್ತವೆ. ಐದೂ ಚೆನ್ನಾಗಿದ್ದರೆ ಇಷ್ಟು ನೆಮ್ಮದಿಯ ಹಿಂಭಾಗ ಆ ಕಾಲದ ಬೇರೆ ಕಾರುಗಳಲ್ಲಿ ಸಿಗುವುದು ಕಷ್ಟ. ಒಂದರ ಬುಷ್ ಸಡಿಲಾದರೂ ಸಾಕು, ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟ ಕೂಡಲೇ ಹಿಂದಿನಿಂದ ಯಾರೋ ಬೇರೆ ಸ್ಟಿಯರಿಂಗ್ ತಿರುಗಿಸಿದ ಹಾಗೆ ಆಗುತ್ತದೆ. ಅರಬೈಲು ಘಟ್ಟ ಇಳಿಯುವಾಗ ನನಗೆ ಮೊದಲು ಹೆದರಿಕೆ ಹುಟ್ಟಿಸಿದ್ದು ಇದೇ. ಯಲ್ಲಾಪುರ ದಾಟಿ ಅಂಕೋಲಾ ಕಡೆ ಇಳಿಯುವ ಆ ತಿರುವುಗಳಲ್ಲಿ, ಮಳೆ ಬೇರೆ, ಹಿಂದೆ ಲಾರಿ ಬೇರೆ.

ಬುಷ್ ಬದಲಿಸುವಾಗ ಒಂದು ಮಾತು ಖಂಡಿತ ಹೇಳಿ ಮಾಡಿಸಿ. ಗಾಡಿ ಲಿಫ್ಟ್ ಮೇಲೆ ಇದ್ದು ಚಕ್ರ ಜೋತು ಬಿದ್ದಿರುವಾಗ ಆ ಬೋಲ್ಟುಗಳನ್ನು ಪೂರ್ತಿ ಬಿಗಿ ಮಾಡಬಾರದು. ಹಾಗೆ ಬಿಗಿದರೆ, ಗಾಡಿ ನೆಲಕ್ಕೆ ಇಳಿದಾಗ ರಬ್ಬರ್ ತಿರುಚಿಕೊಂಡೇ ಕೂರುತ್ತದೆ ಮತ್ತು ಬೇಗ ಹರಿಯುತ್ತದೆ. ಕೈ ಬಿಗಿ ಮಾಡಿ, ಗಾಡಿ ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿ ಮಾಡಬೇಕು. ಗಾಡಿ ಕೆಳಗೆ ಇಳಿದು ಕೆಲಸ ಮಾಡುವ ಗುಂಡಿ ಇರುವ ಗ್ಯಾರೇಜ್ ಆದರೆ ಇದು ಸುಲಭ. "ಏನೂ ಆಗೂದಿಲ್ರೀ" ಅನ್ನುವವರು ಸಿಗುತ್ತಾರೆ. ನೀವು ಒತ್ತಾಯ ಮಾಡಿ.

ಇನ್ನು ಯಾವ ಬುಷ್ ಅನ್ನುವ ಪ್ರಶ್ನೆ. ಗಟ್ಟಿ ಪಾಲಿಯುರೇಥೇನ್ ಬುಷ್ ಹಾಕಿ ಅಂತ ಕೆಲವರು ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಅದರಿಂದ ತಿರುವಿನಲ್ಲಿ ಸ್ವಲ್ಪ ಚುರುಕು ಬರಬಹುದು, ಆದರೆ ರಸ್ತೆಯ ಸದ್ದು, ಅದುರು ಎಲ್ಲ ಒಳಗೆ ಬರುತ್ತದೆ. ಆರು ತಾಸು ಕೂರುವ ಗಾಡಿಗೆ ಅದು ಹೊಂದುವುದಿಲ್ಲ. ಲೆಮ್‌ಫರ್ಡರ್‌ನಂಥ, ಈ ಕಾರಿಗೇ ಮಾಡಿದ ಒಳ್ಳೆ ರಬ್ಬರ್ ಸಾಮಾನು ತರಿಸಿ. ಎಡಕ್ಕೆ ಹಾಕಿದರೆ ಬಲಕ್ಕೂ ಹಾಕಿ.

ಸ್ಟಿಯರಿಂಗ್ ನಡುವೆ ಸತ್ತಂತಿದ್ದರೆ

ಈ ಕಾರಿನಲ್ಲಿ ಇರುವುದು ಈಗಿನ ಕಾರುಗಳಲ್ಲಿರುವ ರ‍್ಯಾಕ್ ಅಲ್ಲ, ಹಳೆ ಕಾಲದ ಸ್ಟಿಯರಿಂಗ್ ಬಾಕ್ಸ್. ಹೊಸದಿದ್ದಾಗಲೂ ಇವತ್ತಿನ ಕಾರಿನಷ್ಟು ಚೂಪಾಗಿ ಇರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಎರಡು ಬೆರಳಿಗಿಂತ ಜಾಸ್ತಿ ತಿರುಗಿಸಿದರೂ ಚಕ್ರ ಅಲುಗದಿದ್ದರೆ ಏನೋ ಸವೆದಿದೆ ಅಂತಲೇ ಅರ್ಥ.

ಬಹಳ ಮಿಸ್ತ್ರಿಗಳು ಬಾಕ್ಸ್ ಮೇಲಿನ ಸ್ಕ್ರೂ ಒಂದು ಸುತ್ತು ತಿರುಗಿಸಿ "ಟೈಟ್ ಮಾಡೀನ್ರಿ" ಅಂತಾರೆ. ಅದು ಮೊದಲು ಮಾಡುವ ಕೆಲಸವಲ್ಲ, ಕೊನೆಗೆ ಮಾಡುವಂಥದ್ದು. ಮೊದಲು ಬಾಕ್ಸ್‌ನ ಎದುರು ಬದಿಯಲ್ಲಿ ಸ್ಟಿಯರಿಂಗ್ ರಾಡುಗಳಿಗೆ ಆಸರೆ ಕೊಡುವ ಐಡ್ಲರ್ ಆರ್ಮ್‌ನ ಬುಷ್ ನೋಡಿ. ಒಬ್ಬರು ಒಳಗೆ ಕೂತು ಸ್ಟಿಯರಿಂಗ್ ಸಣ್ಣದಾಗಿ ಎಡ ಬಲ ಆಡಿಸಲಿ, ಇನ್ನೊಬ್ಬರು ಕೆಳಗಿನಿಂದ ನೋಡಲಿ. ಐಡ್ಲರ್ ಆರ್ಮ್ ಮೇಲೆ ಕೆಳಗೆ ಕುಣಿದರೆ ಅದೇ ಕಳ್ಳ. ದೊಡ್ಡ ಖರ್ಚಿನ ಸಾಮಾನಲ್ಲ ಅದು. ಆಮೇಲೆ ಎರಡೂ ಕಡೆ ಜೋಡಿಸುವ ನಡುವಿನ ರಾಡು (ಡ್ರ್ಯಾಗ್ ಲಿಂಕ್), ಎರಡೂ ಟೈ ರಾಡ್, ಅದುರು ತಡೆಯುವ ಸ್ಟಿಯರಿಂಗ್ ಡ್ಯಾಂಪರ್. ಇವೆಲ್ಲ ಸರಿ ಇದ್ದೂ ಆಟ ಉಳಿದರೆ ಆಗ ಬಾಕ್ಸ್ ಸ್ಕ್ರೂ ಮುಟ್ಟಿ, ಅದೂ ಒಂದಿಷ್ಟೇ ಇಷ್ಟು. ಜಾಸ್ತಿ ಬಿಗಿ ಮಾಡಿದರೆ ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ಬಾಕ್ಸ್ ಒಳಗೂ ಸವೆಯುತ್ತದೆ.

ನಮ್ಮ ಎರೆಭೂಮಿ ಮತ್ತು ಶಾಕ್

ಗದಗ, ಅಣ್ಣಿಗೇರಿ, ನವಲಗುಂದದ ಕಡೆ ರಸ್ತೆ ಏಕೆ ಅಲೆ ಅಲೆಯಾಗುತ್ತದೆ ಅಂತ ಗೊತ್ತಲ್ವಾ? ಎರೆ ಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಿರಿಯುತ್ತದೆ. ಮೇಲಿನ ಡಾಂಬರು ಗುಂಡಿ ಬೀಳದಿದ್ದರೂ ತೆರೆ ತೆರೆಯಾಗುತ್ತದೆ. ಕಣ್ಣಿಗೆ ರಸ್ತೆ ಚಂದ ಕಾಣುತ್ತದೆ, 80ರಲ್ಲಿ ಹೋದಾಗ ಗಾಡಿ ಏಳುತ್ತದೆ, ಬೀಳುತ್ತದೆ. ಇಂಥ ರಸ್ತೆಗೆ ಬೇಕಾದದ್ದು ಅಗಲ ಟೈರ್ ಅಲ್ಲ, ಜೀವ ಇರುವ ಶಾಕ್.

ಮೂಲೆ ಒತ್ತಿ ಬಿಟ್ಟು ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಪೂರ್ತಿ ಸತ್ತ ಶಾಕ್ ಮಾತ್ರ ಅದರಲ್ಲಿ ಸಿಕ್ಕಿಬೀಳುತ್ತದೆ, ಅರ್ಧ ಸತ್ತದ್ದು ಪಾಸಾಗುತ್ತದೆ. ನಿಜವಾದ ಪರೀಕ್ಷೆ ರಸ್ತೆಯ ಮೇಲೆ. ಒಂದು ಅಲೆ ದಾಟಿದ ಮೇಲೆ ಗಾಡಿ ಒಮ್ಮೆ ಎದ್ದು ಒಮ್ಮೆ ಕೂತು ಸುಮ್ಮನಾಗಬೇಕು. ಎರಡನೇ ಸಲ ಎದ್ದರೆ ಶಾಕ್ ಮುಗಿದಿದೆ. ಎಣ್ಣೆ ಸೋರಿದ ಗುರುತು ಇದ್ದರೆ ಪರೀಕ್ಷೆಯೇ ಬೇಡ.

ಇಲ್ಲಿ ಒಂದು ಎಚ್ಚರಿಕೆ. ಡಬ್ಲ್ಯೂ124ರ ಮುಂದೆ ಸ್ಪ್ರಿಂಗ್ ಮತ್ತು ಶಾಕ್ ಬೇರೆ ಬೇರೆ ಕಡೆ ಇರುತ್ತವೆ. ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತಿರುತ್ತದೆ. ಆರ್ಮ್‌ಗೆ ಕೆಳಗಿನಿಂದ ಆಸರೆ ಕೊಡದೆ ಶಾಕ್ ಬಿಚ್ಚಿದರೆ ಸ್ಪ್ರಿಂಗ್ ತನ್ನ ಪೂರ್ತಿ ಬಲದಿಂದ ಹಾರಬಹುದು. ಜೀವಕ್ಕೇ ಅಪಾಯ. ಈ ಗಾಡಿ ಬಿಚ್ಚಿ ರೂಢಿ ಇರುವವರ ಹತ್ತಿರವೇ ಹೋಗಿ, ಮನೆ ಮುಂದೆ ಪ್ರಯೋಗ ಮಾಡಬೇಡಿ.

ಬಿಲ್‌ಸ್ಟೈನ್, ಸ್ಯಾಕ್ಸ್ ಎರಡೂ ಈ ಕಾರಿಗೆ ಹೊಂದುವ ಕಂಪನಿಗಳೇ. ಮೆತ್ತಗೆ ಬೇಕೋ ಸ್ವಲ್ಪ ಗಟ್ಟಿ ಬೇಕೋ ನೋಡಿ ತಗೊಳ್ಳಿ. ಗಾಡಿ ತಗ್ಗಿಸುವ ಸ್ಪ್ರಿಂಗ್ ಮಾತ್ರ ಹಾಕಬೇಡಿ. ಹುಬ್ಬಳ್ಳಿಯ ಸ್ಪೀಡ್ ಬ್ರೇಕರ್‌ಗಳ ಎತ್ತರ ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಕಡೆ ಗಾಡಿ ಕುಸಿದಿದೆ ಅನ್ನಿಸಿದರೆ ಸ್ಪ್ರಿಂಗ್ ಬದಲಿಸುವ ಮೊದಲು ಸ್ಪ್ರಿಂಗ್ ಮೇಲಿನ ರಬ್ಬರ್ ಪ್ಯಾಡ್ ನೋಡಿ. ಈ ಪ್ಯಾಡುಗಳು ಬೇರೆ ಬೇರೆ ದಪ್ಪದಲ್ಲಿ ಬರುತ್ತವೆ, ಅಂಚಿನಲ್ಲಿರುವ ಸಣ್ಣ ಉಬ್ಬುಗಳನ್ನು ಎಣಿಸಿದರೆ ಯಾವ ದಪ್ಪ ಅಂತ ಗೊತ್ತಾಗುತ್ತದೆ. ಹಿಂದೆ ಯಾರೋ ಎಡಕ್ಕೊಂದು ಬಲಕ್ಕೊಂದು ಹಾಕಿರುವುದೂ ಉಂಟು.

ಈಗ ಟೈರ್: ಮೊದಲು ಅಳತೆ

ಇಷ್ಟೆಲ್ಲ ಆದ ಮೇಲೆ ಟೈರ್ ಅಂಗಡಿಗೆ ಹೋಗಿ. ನಾನು 17 ಇಂಚನ್ನು ಮಾರಿ ಕಂಪನಿ ಕೊಟ್ಟ 15 ಇಂಚಿಗೆ ವಾಪಸ್ ಬಂದೆ. ನನ್ನ ಕಾರಿನ ಮೂಲ ಅಳತೆ 195/65 ಆರ್15. ಇದರ ಅರ್ಥ ಗೊತ್ತಿದ್ದರೆ ಅಂಗಡಿಯಲ್ಲಿ ಯಾರೂ ನಿಮ್ಮನ್ನು ದಾರಿ ತಪ್ಪಿಸಲಾರರು. 195 ಅಂದರೆ ಮಿಲಿಮೀಟರಿನಲ್ಲಿ ಅಗಲ. 65 ಅಂದರೆ ಆ ಅಗಲದ 65 ಪರ್ಸೆಂಟ್ ಪಕ್ಕದ ಗೋಡೆಯ ಎತ್ತರ, ಅಂದರೆ ಸುಮಾರು 127 ಮಿ.ಮೀ. 15 ಅಂದರೆ ರಿಮ್ ಇಂಚು. ಲೆಕ್ಕ ಹಾಕಿದರೆ ಪೂರ್ತಿ ಚಕ್ರದ ವ್ಯಾಸ 634 ಮಿ.ಮೀ. ಚಿಲ್ಲರೆ.

ನಾನು ಹಾಕಿಸಿದ್ದ 225/45 ಆರ್17ರ ವ್ಯಾಸವೂ 634ರ ಹತ್ತಿರವೇ ಇದೆ, ಅದಕ್ಕೇ ಮೀಟರ್ ಸರಿ ತೋರಿಸುತ್ತಿತ್ತು. ಆದರೆ ಗೋಡೆ 101 ಮಿ.ಮೀ. ಮಾತ್ರ. ಒಂದು ಇಂಚು ರಬ್ಬರ್, ಒಂದು ಇಂಚು ಗಾಳಿ ಕಳೆದುಕೊಂಡೆ. ಅಲೆಯ ಏಟು, ಗುಂಡಿಯ ಏಟು ಎಲ್ಲ ಮೊದಲು ತಿನ್ನಬೇಕಾದದ್ದು ಆ ಗೋಡೆ. ಈ ಕಾರಿನ ಸಸ್ಪೆನ್ಷನ್ ರೂಪಿಸಿದವರು ಆ 127 ಮಿಲಿಮೀಟರನ್ನೂ ಸೇರಿಸಿಯೇ ಲೆಕ್ಕ ಹಾಕಿದ್ದರು.

ಸ್ವಲ್ಪ ಬಿಗಿ ಬೇಕೇ ಬೇಕು ಅಂದರೆ 205/60 ಆರ್15 ಇದೆ, ವ್ಯಾಸ 627 ಮಿ.ಮೀ., ಅಂದರೆ ನೂರಕ್ಕೆ ಒಂದರಷ್ಟು ಕಡಿಮೆ. ನಿಮ್ಮ ರಿಮ್ 6.5 ಇಂಚು ಅಗಲ ಇದ್ದರೆ ಇದು ಚೆನ್ನಾಗಿ ಕೂರುತ್ತದೆ. 16 ಇಂಚಿನ ರಿಮ್ ಇದ್ದರೆ 205/55 ಆರ್16. ಅದಕ್ಕಿಂತ ಮುಂದೆ ನಮ್ಮ ಕಡೆಯ ರಸ್ತೆಗೆ ಬೇಡ.

ಅಂಗಡಿಯಲ್ಲಿ 195/65 ಸ್ಟಾಕ್ ಇಲ್ಲದಿದ್ದರೆ "185/65 ಹಾಕ್ರಿ, ಎಲ್ಲ ಒಂದ" ಅಂತಾರೆ. ಒಂದೇ ಅಲ್ಲ. ಅಳತೆ ಆದ ಮೇಲೆ ಬರುವ ಸಂಖ್ಯೆ ಆ ಟೈರ್ ಎಷ್ಟು ಭಾರ ಹೊರುತ್ತದೆ ಅಂತ ಹೇಳುತ್ತದೆ. 91 ಅಂದರೆ 615 ಕೆ.ಜಿ., 88 ಅಂದರೆ 560 ಕೆ.ಜಿ. 185/65 ಸಾಮಾನ್ಯವಾಗಿ 88ರಲ್ಲಿ ಬರುತ್ತದೆ. ಅದು ಹಗುರ ಕಾರುಗಳ ಅಳತೆ. ಈ ಗಾಡಿಯಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು ಹಾಕಿ ಏಪ್ರಿಲ್ ಬಿಸಿಲಲ್ಲಿ ಹೊರಟರೆ ಆ 55 ಕೆ.ಜಿ. ವ್ಯತ್ಯಾಸ ದೊಡ್ಡದು. ಎರಡು ದಿನ ಕಾಯಿರಿ, ತರಿಸಿ ಕೊಡುತ್ತಾರೆ. ಆಕ್ಟೇವಿಯಾ, ಕೊರೊಲ್ಲಾಗಳಿಗೂ ಬಂದ ಅಳತೆ ಇದು, ಸಿಗದ ಸಾಮಾನೇನಲ್ಲ.

ಭಾರದ ಸಂಖ್ಯೆಯ ಪಕ್ಕದ ಅಕ್ಷರ ವೇಗದ್ದು. ಟಿ ಅಂದರೆ 190, ಎಚ್ ಅಂದರೆ 210, ವಿ ಅಂದರೆ 240 ಕಿ.ಮೀ. ಹೆದ್ದಾರಿಯಲ್ಲಿ ನಾವು ನೂರು ದಾಟುವಂತಿಲ್ಲ, ಹಾಗಾದರೆ ವಿ ಯಾಕೆ ಅಂತ ಕೇಳಬಹುದು. ಆ ಅಕ್ಷರ ಮೇಲಕ್ಕೆ ಹೋದಂತೆ ಟೈರಿನ ಒಳಗಿನ ಕಟ್ಟಡವೂ ಸಾಮಾನ್ಯವಾಗಿ ಗಟ್ಟಿ ಇರುತ್ತದೆ, ಶಾಖ ತಡೆಯುತ್ತದೆ, ತಿರುವಿನಲ್ಲಿ ಗೋಡೆ ಕಡಿಮೆ ಮಡಚುತ್ತದೆ. ಕಂಪನಿ ಹೇಳಿದ ಅಕ್ಷರಕ್ಕಿಂತ ಕೆಳಗೆ ಇಳಿಯಬೇಡಿ.

ಯಾವ ಟೈರ್ ಅನ್ನುವುದಕ್ಕೆ ನನ್ನ ಉತ್ತರ

ನಿಮ್ಮ ಹಳೆ ಕಾರು ವರ್ಷಕ್ಕೆ ಎಷ್ಟು ಓಡುತ್ತದೆ ಅಂತ ಮೊದಲು ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ನನ್ನದು ನಾಲ್ಕು ಸಾವಿರ ಕಿಲೋಮೀಟರ್ ದಾಟುವುದಿಲ್ಲ. ಈ ಲೆಕ್ಕದಲ್ಲಿ ಟೈರ್ ಸವೆದು ಸಾಯುವುದೇ ಇಲ್ಲ, ವಯಸ್ಸಾಗಿ ಸಾಯುತ್ತದೆ. ಹೀಗಿರುವಾಗ "ಎಂಬತ್ತು ಸಾವಿರ ಬರ್ತದ್ರಿ" ಅನ್ನುವ ಗಟ್ಟಿ ರಬ್ಬರಿನ ಟೈರ್ ತಗೊಂಡು ಏನು ಮಾಡುತ್ತೀರಿ? ಬೇಗ ಸವೆದರೂ ಪರವಾಗಿಲ್ಲ, ಮಳೆಯಲ್ಲಿ ಹಿಡಿಯುವ ಮೆತ್ತನೆ ರಬ್ಬರ್ ತಗೊಳ್ಳಿ. ಅನೇಕ ಟೈರ್‌ಗಳ ಗೋಡೆ ಮೇಲೆ ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಇರುತ್ತದೆ. ದೊಡ್ಡದಿದ್ದಷ್ಟೂ ಬಾಳಿಕೆ ಜಾಸ್ತಿ. ಅದರ ಜೊತೆಗೇ ಟ್ರ್ಯಾಕ್ಷನ್ ಅಂತ ಎಎ, ಎ, ಬಿ, ಸಿ ಅಕ್ಷರ ಇರುತ್ತದೆ, ಅದು ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯುವುದರ ಗುರುತು. ನಾನು ಎರಡನೆಯದನ್ನು ನೋಡಿ ಕೊಂಡೆ.

ಬ್ರಿಡ್ಜ್‌ಸ್ಟೋನ್ ಟುರಾನ್ಜಾ, ಮಿಶೆಲಿನ್ ಪ್ರೈಮಸಿ, ಅಪೊಲೊ ಆಲ್ನಾಕ್, ಇವೆಲ್ಲ ದೂರದ ಪ್ರಯಾಣದ ಸೆಡಾನ್‌ಗೆ ಅಂತ ಬಂದ ಸಾಲುಗಳು. ಇವುಗಳಲ್ಲಿ ನಿಮ್ಮ ಅಳತೆ, ನಿಮ್ಮ ಅಕ್ಷರದಲ್ಲಿ ಯಾವುದು ಹೊಸ ತಾರೀಖಿನದು ಸಿಗುತ್ತದೋ ಅದನ್ನೇ ಹಿಡಿಯಿರಿ. ಹಳೆ ಸ್ಟಾಕಿನ ಒಳ್ಳೆ ಬ್ರ್ಯಾಂಡ್‌ಗಿಂತ ಹೊಸ ಸ್ಟಾಕಿನ ನಡುಮಟ್ಟದ ಟೈರ್ ವಾಸಿ. ಐಎಸ್‌ಐ ಗುರುತು ಇರಲೇಬೇಕು.

ತಾರೀಖು ನೋಡುವುದು ಹೀಗೆ. ಗೋಡೆ ಮೇಲೆ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2324 ಅಂದರೆ 2024ರ 23ನೇ ವಾರ. ಒಂದು ಕಡೆಯ ಗೋಡೆ ಮೇಲೆ ಮಾತ್ರ ಪೂರ್ತಿ ಇರುವುದುಂಟು, ಕಾಣದಿದ್ದರೆ ಟೈರ್ ತಿರುಗಿಸಿ ನೋಡಿ. ಬಿಲ್ ಮಾಡುವ ಮೊದಲು ನಾಲ್ಕನ್ನೂ ನೋಡಿ, ಮೂರು ನೋಡಿ ಬಿಡಬೇಡಿ. ನನಗೆ ಒಮ್ಮೆ ಮೂರು ಹೊಸವು, ಒಂದು ಮೂರು ವರ್ಷ ಹಳೆಯದು ಕೊಡಲು ಬಂದಿದ್ದರು. ಸುಮ್ನೆ ಕೇಳಿದೆ, ಬದಲಿಸಿ ಕೊಟ್ಟರು.

ಆರು ವರ್ಷ ಆದ ಮೇಲೆ ಪ್ರತಿ ವರ್ಷ ಪರೀಕ್ಷೆ ಮಾಡಿಸಿ. ಹತ್ತು ವರ್ಷ ಆಗಿದ್ದರೆ ಗ್ರಿಪ್ ಎಷ್ಟೇ ಇರಲಿ ತೆಗೆಯಿರಿ. ಉಗುರು ಒತ್ತಿದರೆ ಕಲ್ಲಿನ ಹಾಗೆ ಇರುವ, ಗೋಡೆಯಲ್ಲಿ ಸಣ್ಣ ಬಿರುಕು ಬಿಟ್ಟ ಟೈರ್ ಮೊದಲ ಮಳೆಗೇ ಜಾರುತ್ತದೆ. ಸವೆತಕ್ಕೆ ಕಾನೂನಿನ ಮಿತಿ 1.6 ಮಿ.ಮೀ., ಗ್ರಿಪ್ ಸಂದಿನಲ್ಲಿರುವ ಸಣ್ಣ ದಿಬ್ಬ ಅದರದೇ ಗುರುತು. ಆದರೆ ಧಾರವಾಡದ ಜೂನ್, ಜುಲೈ ಮಳೆ ಕಂಡವರು ಅಲ್ಲಿವರೆಗೆ ಕಾಯಬಾರದು. 3 ಮಿ.ಮೀ. ಬಂದಾಗ ನಾನು ಬದಲಿಸುತ್ತೇನೆ. ನೀರು ಹೊರಗೆ ತಳ್ಳಲು ಸಂದು ಬೇಕಲ್ವಾ?

ಒಮ್ಮೆಗೇ ನಾಲ್ಕು ಕೊಳ್ಳಲು ಆಗದಿದ್ದರೆ ಎರಡು ಕೊಳ್ಳಿ, ಹೊಸ ಎರಡನ್ನು ಹಿಂದೆ ಹಾಕಿಸಿ. ಅಂಗಡಿಯವರು ಮುಂದೆ ಹಾಕೋಣ ಅಂತಾರೆ. ಬೇಡ. ಮುಂದಿನವು ನೀರಲ್ಲಿ ಜಾರಿದರೆ ಗಾಡಿ ನೆಟ್ಟಗೆ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಮತ್ತೆ ಹಿಡಿಯುತ್ತದೆ. ಹಿಂದಿನವು ಜಾರಿದರೆ ಗಾಡಿ ಸುತ್ತು ಹೊಡೆಯುತ್ತದೆ. ಅದನ್ನು ಹಿಡಿದು ತಿದ್ದುವುದು ನಮ್ಮ ನಿಮ್ಮಂಥವರ ಕೈಯಲ್ಲಿ ಆಗುವ ಮಾತಲ್ಲ, ಅದೂ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಈ ಕಾರಿನಲ್ಲಿ.

ಅಂಗಡಿಯಲ್ಲಿ ಪಕ್ಕಕ್ಕೇ ನಿಲ್ಲಿ

ಚಹಾ ಕುಡಿಯಲು ಹೋಗಬೇಡಿ. ಹಳೆ ರಿಮ್ ಒಳ ಅಂಚಿನಲ್ಲಿ ತುಕ್ಕು ಇದ್ದರೆ ಹವಾ ಸಣ್ಣಗೆ ಸೋರುತ್ತಲೇ ಇರುತ್ತದೆ, ಅದನ್ನು ಉಜ್ಜಿ ತೆಗೆಸಿ. ವಾಲ್ವ್ ನಾಲ್ಕೂ ಹೊಸದು. ಟೈರ್ ಮೇಲೆ ಔಟ್‌ಸೈಡ್ ಅಂತ ಬರೆದಿದ್ದರೆ ಅದು ಹೊರಗೇ ಬರಬೇಕು, ತಿರುಗುವ ಬಾಣ ಇದ್ದರೆ ಮುಂದಕ್ಕೆ. ಚಕ್ರ ಕೂರುವ ಹಬ್ ಮುಖದ ತುಕ್ಕನ್ನೂ ಉಜ್ಜಬೇಕು, ಇಲ್ಲದಿದ್ದರೆ ಚಕ್ರ ಸಮವಾಗಿ ಕೂರದೆ ಅದುರುತ್ತದೆ.

ಹೊರಗಿನ ಅಲಾಯ್ ಹಾಕುವವರು ನಡುವಿನ ತೂತು ನೋಡಿ. ಮರ್ಸಿಡಿಸ್ ಹಬ್‌ಗೆ 66.6 ಮಿ.ಮೀ. ಬೇಕು. ತೂತು ದೊಡ್ಡದಿದ್ದರೆ ನಡುವೆ ಹಾಕುವ ರಿಂಗ್ ಬರುತ್ತದೆ, ಅದಿಲ್ಲದೆ ಎಷ್ಟು ಬ್ಯಾಲೆನ್ಸ್ ಮಾಡಿದರೂ 90ರಲ್ಲಿ ಸ್ಟಿಯರಿಂಗ್ ನಡುಗುವುದು ನಿಲ್ಲುವುದಿಲ್ಲ.

ಬೋಲ್ಟ್ ಮೊದಲು ಕೈಯಿಂದ ತಿರುಗಿಸಿ ಕೂರಿಸಬೇಕು. ಏರ್ ಗನ್ ಹಿಡಿದು ಒಮ್ಮೆಗೇ ಟರ್ ಅನ್ನಿಸಿದರೆ ನಿಲ್ಲಿಸಿ. ಕೊನೆಯ ಬಿಗಿ ಟಾರ್ಕ್ ರೆಂಚ್‌ನಲ್ಲಿ 110 ನ್ಯೂಟನ್ ಮೀಟರ್, ಒಂದು ಬಿಟ್ಟು ಒಂದರಂತೆ. ಗನ್ನಿನಲ್ಲಿ ಬಿಗಿದ ಬೋಲ್ಟ್ ರಾತ್ರಿ ಹೊತ್ತು ಪಂಚರ್ ಆದಾಗ ನಿಮ್ಮ ಪಾನಾಕ್ಕೆ ಬಗ್ಗುವುದಿಲ್ಲ.

ಅಲೈನ್‌ಮೆಂಟ್

ಬುಷ್ ಬದಲಿಸುವ ಮೊದಲು ಮಾಡಿಸಿದರೆ ದುಡ್ಡು ದಂಡ. ಎಲ್ಲ ಮುಗಿದು, ಗಾಡಿ ನೂರಿನ್ನೂರು ಕಿಲೋಮೀಟರ್ ಓಡಿ ರಬ್ಬರ್ ಕೂತ ಮೇಲೆ ಮಾಡಿಸಿ. ಟ್ಯಾಂಕ್ ಅರ್ಧಕ್ಕಿಂತ ಜಾಸ್ತಿ ಇರಲಿ, ಡಿಕ್ಕಿಯಲ್ಲಿ ಬೇಡದ ಸಾಮಾನು ಬೇಡ. ಬರೀ ಮುಂದಿನ ಟೋ ತಿರುಗಿಸಿ ಕೊಡುವ ಅಂಗಡಿ ಬೇಡ. ಡಬ್ಲ್ಯೂ124ರ ಮುಂದಿನ ಆರ್ಮ್‌ನಲ್ಲಿ ಕ್ಯಾಂಬರ್ (ಚಕ್ರದ ಒಳ ಹೊರ ವಾಲು), ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಹಿಂದು ಮುಂದಿನ ವಾಲು) ಹೊಂದಿಸುವ ಬೋಲ್ಟ್‌ಗಳಿವೆ, ಹಿಂದಿನ ಟೋ ಕೂಡ ಹೊಂದಿಸಬಹುದು. ಗಾಡಿ ನೆಟ್ಟಗೆ ಓಡುವುದು, ತಿರುವಿನ ಮೇಲೆ ಸ್ಟಿಯರಿಂಗ್ ತಾನೇ ವಾಪಸ್ ಬರುವುದು, ಇದಕ್ಕೆಲ್ಲ ಕ್ಯಾಸ್ಟರ್ ಮುಖ್ಯ. ಎಡ ಬಲ ಎರಡೂ ಹತ್ತಿರ ಹತ್ತಿರ ಇರಬೇಕು. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅನ್ನುವ ಪ್ರಿಂಟ್ ಕೇಳಿ ಇಸಿದುಕೊಳ್ಳಿ.

ಹವಾ ಮತ್ತು ಮೊದಲ ಓಟ

ಪೆಟ್ರೋಲ್ ಮುಚ್ಚಳದ ಒಳಗೆ ಒಂದು ಸ್ಟಿಕ್ಕರ್ ಇದೆ. ಅದರಲ್ಲಿ ಕಡಿಮೆ ಜನಕ್ಕೆ ಒಂದು ಅಂಕಿ, ತುಂಬಿದ ಗಾಡಿಗೆ ಇನ್ನೊಂದು. ಬಾರ್‌ನಲ್ಲಿ ಬರೆದಿದ್ದರೆ 14.5ರಿಂದ ಗುಣಿಸಿದರೆ ಪಿಎಸ್‌ಐ ಬರುತ್ತದೆ. 2.2 ಬಾರ್ ಅಂದರೆ 32. ಹವಾ ನೋಡಬೇಕಾದದ್ದು ಬೆಳಿಗ್ಗೆ, ಗಾಡಿ ತಣ್ಣಗಿರುವಾಗ. ಗದಗಿನ ಬಿಸಿಲಲ್ಲಿ ನೂರು ಕಿಲೋಮೀಟರ್ ಓಡಿಸಿ ನಿಲ್ಲಿಸಿದಾಗ ಮೂರು ನಾಲ್ಕು ಪಿಎಸ್‌ಐ ಏರಿರುತ್ತದೆ, ಅದು ಸಹಜ. ಜಾಸ್ತಿ ಆಯಿತು ಅಂತ ಬಿಡಿಸಬೇಡಿ. ತಣ್ಣಗಾದಾಗ ಕಡಿಮೆಯಾಗಿ, ಗೋಡೆ ಮಡಚಿ ಮಡಚಿ ಇನ್ನೂ ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ಟೈರ್ ಒಡೆಯುವುದಕ್ಕೆ ಬಹಳ ಸಲ ಕಾರಣ ಕಡಿಮೆ ಹವಾ. ಒಂದು ಒಳ್ಳೆ ಗೇಜ್ ಕೊಂಡು ಗಾಡಿಯಲ್ಲೇ ಇಡಿ, ಒಂದೊಂದು ಬಂಕಿನ ಮೀಟರ್ ಒಂದೊಂದು ಹೇಳುತ್ತದೆ.

ಹೊಸ ಟೈರ್ ಮೇಲೆ ಅಚ್ಚಿನಿಂದ ಬಂದ ನುಣುಪು ಇರುತ್ತದೆ. ಮೊದಲ ಇನ್ನೂರು, ಮುನ್ನೂರು ಕಿಲೋಮೀಟರ್ ಜೋರಾಗಿ ಬ್ರೇಕ್, ಜೋರಾಗಿ ತಿರುವು ಬೇಡ. ನಾನು ಮೊದಲ ದಿನ ಬೆಳಿಗ್ಗೆ ಐದೂವರೆಗೆ ಹುಬ್ಬಳ್ಳಿ ಬಿಟ್ಟು ಹಾವೇರಿವರೆಗೆ ಹೆದ್ದಾರಿಯಲ್ಲಿ ನಿಧಾನ ಹೋಗಿ ಬಂದೆ. 60, 80, 100 ಒಂದೊಂದರಲ್ಲೂ ಐದು ನಿಮಿಷ. ಸ್ಟಿಯರಿಂಗ್ ನಡುಗಿದರೆ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನ ಚಕ್ರ, ಬ್ಯಾಲೆನ್ಸ್‌ಗೆ ವಾಪಸ್ ಹೋಗಬೇಕು. ಮನೆಗೆ ಬಂದು ನೂರು ಕಿಲೋಮೀಟರ್ ದಾಟಿದ ಮೇಲೆ ಬೋಲ್ಟ್‌ಗಳ ಬಿಗಿ ಮತ್ತೆ ನೋಡಿದೆ. ಎರಡು ಸ್ವಲ್ಪ ತಿರುಗಿದವು.

ಮುಂದಿನ ಭಾನುವಾರ ಗದಗಿಗೆ ಹೋದೆವು. ಅಣ್ಣಿಗೇರಿ ಹತ್ತಿರದ ಅದೇ ಅಲೆಗಳು. ಗಾಡಿ ಒಮ್ಮೆ ಎದ್ದಿತು, ಒಮ್ಮೆ ಕೂತಿತು, ಸುಮ್ಮನಾಯಿತು. ಹಿಂದೆ ಕೂತ ಅವ್ವ ನಿದ್ದೆ ಮಾಡುತ್ತಿದ್ದರು, ಎಚ್ಚರ ಆಗಲಿಲ್ಲ.

ಇನ್ನೊಂದು ಕೆಲಸ ಉಳಿದಿದೆ, ಸ್ಟೆಪ್ನಿ. ಅದರ ತಾರೀಖನ್ನೂ ನೋಡಿ. ನನ್ನದು ಗಾಡಿಯ ವಯಸ್ಸಿನದೇ ಇತ್ತು, ಗ್ರಿಪ್ ಹೊಸದರ ಹಾಗೆ, ರಬ್ಬರ್ ಕಟ್ಟಿಗೆ ಹಾಗೆ. ಅದನ್ನೂ ಬದಲಿಸಿ. ನಿಮ್ಮ ಸ್ಟೆಪ್ನಿ ಕಬ್ಬಿಣದ ರಿಮ್ ಆಗಿದ್ದು ಉಳಿದ ನಾಲ್ಕು ಅಲಾಯ್ ಆಗಿದ್ದರೆ ಬೋಲ್ಟ್ ಉದ್ದ ಬೇರೆ ಬೇರೆ ಬೇಕಾಗುತ್ತದೆ. ಅಲಾಯ್‌ನ ಉದ್ದ ಬೋಲ್ಟನ್ನೇ ಕಬ್ಬಿಣದ ರಿಮ್‌ಗೆ ಹಾಕಿದರೆ ತುದಿ ಒಳಗೆ ಹೋಗಿ ಹ್ಯಾಂಡ್‌ಬ್ರೇಕ್ ಸಾಮಾನಿಗೆ ತಾಗಬಹುದು. ಗಿಡ್ಡ ಬೋಲ್ಟ್ ಐದನ್ನು ಒಂದು ಚೀಲದಲ್ಲಿ ಕಟ್ಟಿ ಸ್ಟೆಪ್ನಿ ಜೊತೆಗೇ ಇಡಿ.